ನಮ್ಮ ಮನೆಗೆ ಹಾಲು ನಿಂತ ತಿಂಗಳು

ಮೊಮ್ಮಗಳು ಹುಟ್ಟಿದ ಮೇಲೆ ಆರು ತಿಂಗಳು ನಮ್ಮ ಮನೆಯಲ್ಲಿ ಮಾತು ಅಂದರೆ ಅವಳ ಕಕ್ಕದ ಮಾತು. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ, ಮುಂದೆಯೂ ಅದೇ ಇದೆ. ಬೆಳಿಗ್ಗೆ ಎದ್ದ ಮಗ ಹಲ್ಲುಜ್ಜುವ ಮೊದಲು ಕೇಳುತ್ತಿದ್ದದ್ದು, "ಅಮ್ಮ, ಆಯ್ತಾ? ಯಾವ ಕಲರ್ರು?" ಒಂದು ದಿನ ಹಸಿರು, ಒಂದು ದಿನ ಬರೀ ನೊರೆ, ಒಂದು ದಿನ ಲೋಳೆ, ಅದರ ನಡುವೆ ದಾರದಷ್ಟು ರಕ್ತ. ಎದೆಹಾಲು ಕುಡಿದು ಅರ್ಧ ಗಂಟೆಯಾಗುವುದರೊಳಗೆ ಕಾಲು ಹೊಟ್ಟೆಗೆ ಮಡಚಿಕೊಂಡು ಅಳಲು ಶುರುಮಾಡಿದರೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ತಿರುಗಿ ನೋಡಬೇಕು, ಅಂಥ ಗಂಟಲು. ಕೆನ್ನೆ ಗದ್ದದ ಮೇಲೆಲ್ಲ ಕೆಂಪು ದದ್ದು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಮೂರು ಮಕ್ಕಳನ್ನು ಸಾಕಿದವಳು. ಬಜೆ ತೇಯ್ದೆ, ಓಮದ ನೀರು ಕಾಯಿಸಿದೆ, ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದೆ. ಮಗು ಒಗ್ಗರಣೆಯಂತೆ ಘಮಘಮ ಅಂದಿತೇ ಹೊರತು ಹೊಟ್ಟೆ ಸರಿಹೋಗಲಿಲ್ಲ.

ನನ್ನ ಸೊಸೆ ಕಟ್ಟಡಗಳ ಪ್ಲಾನ್ ಬರೆಯುವ ಆಫೀಸಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಎಲ್ಲವೂ ಕಾಗದದ ಮೇಲೆ ಇರಬೇಕು. ಮಗುವಿನ ಕಕ್ಕಕ್ಕೂ ಗೋಡೆಗೆ ಒಂದು ಚಾರ್ಟು ಅಂಟಿಸಿದಳು. ಡಾಕ್ಟರಿಗೆ ತೋರಿಸಲು ಡಯಾಪರಿನ ಫೋಟೋ ತೆಗೆದು ಫೋನಿನಲ್ಲಿ ಇಟ್ಟಳು. ಒಂದು ಸಲ ನನ್ನ ಯಜಮಾನರು ಮೊಮ್ಮಗಳ ಫೋಟೋ ತೋರಿಸುತ್ತೇನೆಂದು ಆ ಫೋನನ್ನು ಬಂದ ನೆಂಟರ ಕೈಗೆ ಕೊಟ್ಟರು. ನೆಂಟರು ಎರಡು ಫೋಟೋ ಸರಿಸಿದರು, ಕೈಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು, ಆಮೇಲೆ ಮುಟ್ಟಲೇ ಇಲ್ಲ.

ಕೊನೆಗೆ ಜಯನಗರದಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರ ಹತ್ತಿರ ಹೋದೆವು. ಅವರು ಆ ಆಲ್ಬಮ್ಮನ್ನು ಮದುವೆ ಆಲ್ಬಮ್ ನೋಡಿದಷ್ಟೇ ಸಾವಧಾನವಾಗಿ ನೋಡಿ, ಮಗುವಿಗೆ ಹಸುವಿನ ಹಾಲು ಆಗುವುದಿಲ್ಲ ಅಂದರು.

"ಮಗುಗೆ ನಾವು ಹಸುವಿನ ಹಾಲು ಕೊಟ್ಟೇ ಇಲ್ಲವಲ್ಲ ಡಾಕ್ಟರೇ" ಅಂದೆ.

"ತಾಯಿ ಕುಡೀತಾರಲ್ಲ ಅಜ್ಜಿ. ಎದೆಹಾಲಿನ ಜೊತೆ ಅದೂ ಹೋಗತ್ತೆ."

ಕುಡಿಯುವವಳು ಒಬ್ಬಳು, ಭೇದಿ ಇನ್ನೊಬ್ಬಳಿಗೆ. ಇದೆಂಥ ನ್ಯಾಯ ಅನ್ನಿಸಿತು. ಸೋಯಾ, ಮೊಟ್ಟೆ ಕೂಡ ಬೇಡ ಅಂದರು. ಮೊಟ್ಟೆ ಹೇಗೂ ನಮ್ಮ ಮನೆಯ ಬಾಗಿಲು ದಾಟುವುದಿಲ್ಲ, ಆ ಒಂದು ತಲೆನೋವು ತಪ್ಪಿತು. ನಾಲ್ಕು ವಾರ ತಾಯಿಯೂ ಮಗುವೂ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದನ್ನೂ ಒಂದು ಹನಿ ಮುಟ್ಟಬಾರದು. ಹೊಟ್ಟೆ ಸರಿಹೋದರೆ ಸರಿ. ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಿ, ಒಳಗೆ ಟ್ಯೂಬು ಬಿಟ್ಟು ನೋಡಬೇಕಾಗಬಹುದು. ಮಗುವಿನ ಮೈ ಇರುವುದೇ ಒಂದು ಮಂಗಳೂರು ಸೌತೆಕಾಯಿಯಷ್ಟು, ಅದಕ್ಕೆ ಟ್ಯೂಬಂತೆ.

ಇದರ ಜೊತೆಗೆ ಇನ್ನೊಂದಿತ್ತು. ಸೊಸೆಯ ರಜೆ ಮುಂದಿನ ತಿಂಗಳು ಮುಗಿಯುತ್ತಿತ್ತು. ಜೆ.ಪಿ. ನಗರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಕಡೆ ಕೇಳಿದರೆ, ಈ ಪಥ್ಯದ ಪಟ್ಟಿ ನೋಡಿ ಅವರು ಕೈಮುಗಿದರು. ಉಳಿದದ್ದು ನಾನು. ನನ್ನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಸುಮ್ಮಸುಮ್ಮನೆ ಅಲ್ಲ, ಹಬ್ಬದ ದಿನ ಮಗುವಿನ ನಾಲಿಗೆಗೆ ಒಂದು ಬೆರಳು ಪಾಯಸ ತಾಗಿಸಿದ್ದೆ.

"ಒಂದು ಬೆರಳಷ್ಟೇ ಕಣೇ" ಅಂದಿದ್ದೆ.

"ಅತ್ತೆ, ಒಂದು ಬೆರಳಷ್ಟೇ ಅಂತ ನೀವು ಹೇಳ್ತಿರೋದು ಇದು ನಾಲ್ಕನೇ ಸಲ. ಇಷ್ಟೊತ್ತಿಗೆ ಒಂದು ಕೈ ತಿಂದಿದಾಳೆ ಅವಳು."

ಡಾಕ್ಟರ ಹತ್ತಿರದಿಂದ ಬಂದ ದಿನವೇ ನೇರವಾಗಿ ಹೇಳಿದಳು. "ಈ ನಾಲ್ಕು ವಾರ ನೋಡ್ತೀನಿ ಅತ್ತೆ. ಸರಿಹೋದ್ರೆ ನಿಮ್ಮ ಹತ್ರ ಬಿಟ್ಟು ಆಫೀಸಿಗೆ ಹೋಗ್ತೀನಿ. ಇಲ್ಲಾಂದ್ರೆ ಕೆಲಸ ಬಿಡ್ತೀನಿ, ಬೇರೆ ದಾರಿ ಇಲ್ಲ."

ನನಗೆ ಹಟ ಬಂತು. ಕಲಿತ ವಿದ್ಯೆಯನ್ನು ಡಯಾಪರಿನ ಚಾರ್ಟು ಬರೆಯುವುದರಲ್ಲಿ ಮುಗಿಸುತ್ತಾಳಲ್ಲ ಎಂದು ಒಂದು. ಕೆಲಸ ಬಿಟ್ಟು ಇಡೀ ದಿನ ನನ್ನ ಎದುರಿಗೆ ಕೂತರೆ ನಮ್ಮಿಬ್ಬರಲ್ಲಿ ಒಬ್ಬರು ಬೇಗೂರು ಕೆರೆ ಹುಡುಕಿಕೊಂಡು ಹೋಗಬೇಕಾಗುತ್ತದೆ ಎಂದು ಇನ್ನೊಂದು. ಮಾರನೇ ದಿನವೇ ಮನೆಗೆ ಹಾಲು ನಿಲ್ಲಿಸಿದೆ. ತಾಯಿ ಮಗುವಿಗೆ ಮಾತ್ರವಲ್ಲ, ಎಲ್ಲರಿಗೂ. ಹಾಲಿನ ಬೂತಿನವನು "ಏನ್ ಆಂಟಿ, ಊರಿಗೆ ಹೊರಟ್ರಾ?" ಅಂದ. ಇಲ್ಲೇ ಇರ್ತೀವಿ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ತುಪ್ಪದ ಡಬ್ಬಿ ಎದುರು ಮನೆಗೆ ಹೋಯಿತು. ಒಳಲೆ, ಚಮಚ, ಪಾತ್ರೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ಹಾಕಿ ತೆಗೆದೆ. ಮಗುವಿನ ರಾಗಿ ಸರಿಯನ್ನು ಬರೀ ನೀರಿನಲ್ಲಿ ಬೇಯಿಸಿದೆ.

ನಮ್ಮ ಯಜಮಾನರಿಗೆ ದಿನಕ್ಕೆ ನಾಲ್ಕು ಕಾಫಿ ಬೇಕು. ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ ಕೊಟ್ಟೆ. ಒಂದು ಗುಟುಕು ಕುಡಿದು, "ಏನೇ ಇದು, ಲೋಟ ತೊಳೆದ ನೀರಾ?" ಅಂದರು. ಅಂದಿನಿಂದ ಮೂಲೆಯ ದರ್ಶಿನಿಗೆ ಹೋಗಿ ಕುಡಿದು ಬರುತ್ತಿದ್ದರು. ಅವರಿಗೆ ಪೊರಕೆಯಂಥ ಮೀಸೆ. ಕಾಫಿಯಲ್ಲಿ ಅರ್ಧ ಅದೇ ಕುಡಿಯುತ್ತದೆ. ಬಂದವರೇ ಆ ಮೀಸೆಯಲ್ಲಿ ಮಗುವನ್ನು ಮುದ್ದಿಸಿದರೆ? ಗೇಟಿನ ಒಳಗಿರುವ ನಲ್ಲಿಯ ಹತ್ತಿರ ಸೋಪು ಇಟ್ಟೆ. ಬಾಯಿ ಮುಕ್ಕಳಿಸಿ ಮೀಸೆಗೆ ಎರಡು ಸಲ ಸೋಪು ಹಾಕಿ ತೊಳೆದರಷ್ಟೇ ಒಳಗೆ ಪ್ರವೇಶ.

ಎದುರು ಮನೆಯವರು ಕಾಂಪೌಂಡಿನ ಮೇಲಿಂದ ನೋಡಿ ಕೇಳಿದರು, "ಏನ್ ಸಾರ್, ಮಡೀನಾ?"

"ಇಲ್ಲ ಸಾರ್, ಮೀಸೆಗೆ ಹಾಲು ಬಿಡಿಸ್ತಿದೀವಿ" ಅಂದರು ಇವರು, ನೊರೆ ಸುರಿಸಿಕೊಂಡು.

ಹತ್ತು ದಿನಕ್ಕೆ ಮಗು ಸುಧಾರಿಸಿತು. ನಿಜವಾಗಿ. ಕಕ್ಕ ಹಳದಿಗೆ ಬಂತು, ಗಟ್ಟಿಯಾಯಿತು, ಚಾರ್ಟಿನಲ್ಲಿ ಸೊಸೆ ಮೂರು ನಕ್ಷತ್ರ ಬರೆದಳು. ಕೆನ್ನೆ ತಿಳಿಯಾಯಿತು. ಅದೇ ವಾರ ಮಗು ಹೊಸ ವಿದ್ಯೆಯನ್ನೂ ಕಲಿಯಿತು, ಎರಡು ಕೈಯಲ್ಲಿ ಕಾಲು ಹಿಡಿದು ಬಾಯಿಗೆ ತಂದುಕೊಳ್ಳುವುದು. ಎಲ್ಲರೂ ಸೇರಿ ಚಪ್ಪಾಳೆ ಹೊಡೆದೆವು. ಮಗ ವಿಡಿಯೋ ಮಾಡಿದ. ಅವಳು ಜೋಳದ ತೆನೆ ತಿಂದಂತೆ ಕಾಲು ಚೀಪುತ್ತಿದ್ದಳು.

ನಾಲ್ಕು ದಿನಕ್ಕೆ ಮತ್ತೆ ಲೋಳೆ, ಮತ್ತೆ ರಕ್ತದ ದಾರ. ಬಾಯಿ ಸುತ್ತ ದದ್ದು, ಈ ಸಲ ಮೊದಲಿಗಿಂತ ಜೋರು.

ಸೊಸೆ ನನ್ನನ್ನು ನೋಡಿದಳು. ಆಮೇಲೆ ನನ್ನ ಬೆರಳುಗಳನ್ನು ನೋಡಿದಳು.

"ದೇವರಾಣೆ ಏನೂ ಕೊಟ್ಟಿಲ್ಲ ಕಣೇ."

"ನಾನೇನಾದ್ರೂ ಅಂದ್ನಾ ಅತ್ತೆ?"

ಅನ್ನದೆ ಇದ್ದದ್ದೇ ಉರಿಯಿತು. ಮನೆಯಲ್ಲಿ ಕಳ್ಳ ಬೇರೆ ಯಾರೋ ಇದ್ದಾರೆ ಎಂದು ಹುಡುಕಲು ಶುರುಮಾಡಿದೆ. ಮಗನ ಬ್ಯಾಗಿನಲ್ಲಿ ಕ್ರೀಮ್ ಬಿಸ್ಕತ್ತು ಸಿಕ್ಕಿತು, ಆದರೆ ಅವನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಆಮೇಲೆ ಯಜಮಾನರ ಹೆಲ್ಮೆಟ್ ಎತ್ತಿದೆ. ಒಳಗಿಂದ ಹಾಲಿನ ಪುಡಿಯ ಪೊಟ್ಟಣ ಬಿತ್ತು.

"ಏನ್ರೀ ಇದು?"

"ಅದು... ಟೆರೇಸ್ ಮೇಲೆ ಒಂದೇ ಒಂದು ಲೋಟ ಕಣೇ. ದರ್ಶಿನಿವರೆಗೂ ಮಂಡಿ ನೋಯತ್ತೆ."

"ಮೀಸೆ ತೊಳೀತಿದ್ರಾ?"

"ಟೆರೇಸಲ್ಲಿ ನಲ್ಲಿ ಎಲ್ಲಿದೆಯೇ?"

ಕಳ್ಳ ಸಿಕ್ಕ ಎಂದು ಎಷ್ಟು ಖುಷಿಯಾಯಿತೆಂದರೆ ಸೊಸೆಯನ್ನು ಕೂಗಿ ಹೆಲ್ಮೆಟ್ಟನ್ನೇ ತೋರಿಸಿದೆ. ಮಗುವನ್ನು ಮುಟ್ಟುವಂತಿಲ್ಲ ಎಂದು ಅವರಿಗೆ ತೀರ್ಪು ಕೊಟ್ಟೆ. ಪಾಪ, ಸೋಫಾದ ಆ ತುದಿಯಲ್ಲಿ ಕೂತು ದೂರದಿಂದಲೇ ಗಿಲಕಿ ಆಡಿಸುತ್ತಿದ್ದರು. ಮೂರು ದಿನ ಕಳೆಯಿತು. ದದ್ದು ಇನ್ನೂ ಜಾಸ್ತಿಯಾಯಿತು. ಕಳ್ಳ ಅವರಲ್ಲ.

ದೃಷ್ಟಿಯೇ ಇರಬೇಕು ಅಂದುಕೊಂಡೆ. ಆ ವಿಡಿಯೋವನ್ನು ಮಗ ಊರಿಗೆಲ್ಲ ಕಳಿಸಿದ್ದನಲ್ಲ. ಹುಟ್ಟಿದಾಗಿನಿಂದ ಸ್ನಾನ ಮಾಡಿಸಿದ ಮೇಲೆ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಡುತ್ತಿದ್ದೆ. ಸೊಸೆ ನನಗೆ ಬಿಟ್ಟಿದ್ದ ಒಂದೇ ಒಂದು ಕೆಲಸ ಅದು. "ಅದೊಂದು ನಿಮ್ಮಿಷ್ಟ ಅತ್ತೆ, ಹೊಟ್ಟೆಗೇನೂ ಹೋಗಲ್ವಲ್ಲ" ಅಂದಿದ್ದಳು. ಈಗ ಒಂದರ ಜಾಗದಲ್ಲಿ ಮೂರು ಇಟ್ಟೆ, ಎರಡು ಅಂಗಾಲಿಗೆ, ಒಂದು ಕೆನ್ನೆಗೆ, ಒಂದೊಂದೂ ಎಂಟಾಣೆಯಷ್ಟು ಅಗಲ.

ಮೂರನೇ ವಾರ ಮುಗಿಯುವ ದಿನ ಮಧ್ಯಾಹ್ನ. ಸೊಸೆ ರೂಮಿನಲ್ಲಿ ಆಫೀಸಿನವರ ಜೊತೆ ಫೋನಿನಲ್ಲಿದ್ದಳು, ಬರುತ್ತೀಯೋ ಇಲ್ಲವೋ ಹೇಳು ಎಂದು ಅವರು ಕೇಳುತ್ತಿದ್ದರು. ನಾನು ಚಾಪೆಯ ಪಕ್ಕ ಅವರೆಕಾಯಿ ಸುಲಿಯುತ್ತಿದ್ದೆ. ಮಗು ಗುರ್ ಅನ್ನುತ್ತ ಕಾಲು ತಿನ್ನುತ್ತಿತ್ತು. ತಿರುಗಿ ನೋಡಿ ನಕ್ಕಿತು. ಬಾಯಿ ತುಂಬ ಕಪ್ಪು. ತುಟಿ, ನಾಲಿಗೆ, ಹೊಸದಾಗಿ ಬಂದ ಒಂದೇ ಒಂದು ಹಲ್ಲು, ಎಲ್ಲ ಮಸಿ.

ಬಟ್ಟೆಯಿಂದ ಒರೆಸಿದೆ. ಬೆರಳಿಗೆ ಜಿಡ್ಡು ಹತ್ತಿತು. ಮೂಗಿನ ಹತ್ತಿರ ತಂದುಕೊಂಡೆ. ಬೆಣ್ಣೆ.

ಕಾಡಿಗೆಯನ್ನು ನಾನು ಅಂಗಡಿಯಿಂದ ತರುವವಳಲ್ಲ. ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಹಿಡಿದ ಮಸಿಯನ್ನು ಹಸಿ ಬೆಣ್ಣೆಯಲ್ಲಿ ಕಲಸಿ ಡಬ್ಬಿಯಲ್ಲಿ ಇಡುವುದು ನಮ್ಮಮ್ಮನ ಕಾಲದಿಂದ ನಮ್ಮ ಪದ್ಧತಿ. ಹಳೆಯದು ಮುಗಿದಾಗ ಹೊಸದು ಮಾಡಿಕೊಂಡಿದ್ದೆ. ಎಂಥ ಜಾಣತನ ನೋಡಿ, ಮನೆಗೆ ಬೆಣ್ಣೆ ತರಬಾರದೆಂದು ಎದುರು ಮನೆಯ ಜಗಲಿಯಲ್ಲೇ ಕೂತು, ಅವರ ಬೆಣ್ಣೆಯಲ್ಲೇ ಕಲಸಿ, ಕೈಗೆ ಸೋಪು ಹಾಕಿ ತೊಳೆದುಕೊಂಡು ಬಂದಿದ್ದೆ. ನನ್ನ ಲೆಕ್ಕದಲ್ಲಿ ಕಾಡಿಗೆ ಅಡುಗೆಮನೆಯ ಸಾಮಾನಲ್ಲ. ಅದನ್ನು ತಿನ್ನುವವರು ಯಾರು? ಹತ್ತು ದಿನ ಮಗುವಿಗೆ ಕಾಲು ಬಾಯಿಗೆ ಎಟುಕುತ್ತಿರಲಿಲ್ಲ, ಹೊಟ್ಟೆ ಚೆನ್ನಾಗಿತ್ತು. ಎಟುಕಿದ ದಿನದಿಂದ ಅಜ್ಜಿ ಕಾಲಿಗೆ ಬೆಣ್ಣೆ ಸವರಿ ತಿನ್ನಲು ಕೊಟ್ಟಿದ್ದಾಳೆ.

ಸುಳ್ಳು ಹೇಳುವುದಿಲ್ಲ, ಮೊದಲು ಬಂದ ಯೋಚನೆ ಡಬ್ಬಿಯನ್ನು ಮೋರಿಗೆ ಎಸೆದು ಸುಮ್ಮನಿರುವುದು. ಯಾರೂ ನೋಡಿರಲಿಲ್ಲ. ನೋಡಿದ್ದು ಮಗು ಒಂದೇ, ಅದಕ್ಕೆ ಮಾತು ಬರುವುದಿಲ್ಲ. ಹೇಳಿದರೆ ಸೊಸೆ ಈಗಲೇ ಫೋನಿನಲ್ಲಿ ಬರುವುದಿಲ್ಲ ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಹೇಳದಿದ್ದರೆ ಕಾರಣ ಗೊತ್ತಾಗದೆ ಮುಂದಿನ ಸೋಮವಾರ ತೋರಿಸಲು ಹೋದಾಗ ಡಾಕ್ಟರಮ್ಮ ಟ್ಯೂಬಿನ ಮಾತು ತೆಗೆಯುತ್ತಾರೆ. ಡಬ್ಬಿ ಹಿಡಿದುಕೊಂಡು ರೂಮಿನ ಬಾಗಿಲಿಗೆ ಹೋದೆ.

"ಫೋನ್ ಇಡು ಸ್ವಲ್ಪ. ಕಳ್ಳಿ ನಾನೇ."

ಎಲ್ಲ ಹೇಳಿದೆ. ಅವಳು ಡಬ್ಬಿ ತೆಗೆದು ಮೂಸಿದಳು.

"ದಿನಾ ಎಷ್ಟು ಬೊಟ್ಟು ಇಡ್ತಿದ್ರಿ?"

"ಮೊದಲು ಒಂದು. ಆಮೇಲೆ ಮೂರು."

"ಯಾಕೆ ಮೂರು?"

"ದದ್ದು ಜಾಸ್ತಿ ಆಯ್ತಲ್ಲ, ಅದು ಹೋಗ್ಲಿ ಅಂತ."

ಅವಳು ಮಂಚದ ಮೇಲೆ ಕೂತಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಎದ್ದು ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, "ನೀವೇ ಹೇಳಿ ಅತ್ತೆ" ಅಂದಳು. ಆ ಹುಡುಗಿಗೆ ಶಿಕ್ಷೆ ಕೊಡಲು ಚೆನ್ನಾಗಿ ಬರುತ್ತದೆ. ಮತ್ತೊಮ್ಮೆ ಎಲ್ಲ ಹೇಳಿದೆ.

"ಅಜ್ಜಿ, ಬೆಣ್ಣೇದು ಮಾತ್ರ ಅಲ್ಲ, ಮಗುಗೆ ಯಾವ ಕಾಡಿಗೇನೂ ಬೇಡ" ಅಂದರು ಡಾಕ್ಟರಮ್ಮ. "ಇವತ್ತಿಂದ ಮತ್ತೆ ಎರಡು ವಾರ ನೋಡೋಣ. ಟ್ಯೂಬಿನ ವಿಷಯ ಈಗ ಬೇಡ. ಹೇಳಿದ್ದು ಒಳ್ಳೇದಾಯ್ತು."

ಸೊಸೆ ಮಾತ್ರ ಒಳ್ಳೆಯದಾಯಿತು ಅನ್ನಲಿಲ್ಲ. ಆಫೀಸಿನವರಿಗೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ, ಎರಡು ವಾರ ಟೈಮು ಕೇಳಿದಳು.

ಯಜಮಾನರಿಗಂತೂ ಹಬ್ಬ. ನಾನು ಮಗುವನ್ನು ಎತ್ತಿಕೊಳ್ಳಲು ಹೋದಾಗಲೆಲ್ಲ ಮಾಲ್ ಬಾಗಿಲಿನ ಸೆಕ್ಯೂರಿಟಿಯವರಂತೆ ಅಡ್ಡ ನಿಂತು, "ಕೈ ತೋರ್ಸಿ ಮೇಡಂ, ಆ ಕಡೆ ತಿರುಗ್ಸಿ" ಅನ್ನುತ್ತಿದ್ದರು. ಸಹಿಸಿಕೊಂಡೆ. ಸೊಸೆ ಮಗುವಿನ ಮೈಗೆ ತಾಗುವ ಪ್ರತಿಯೊಂದನ್ನೂ ಸಾಲಾಗಿ ಇಡಿಸಿ ಒಂದೊಂದನ್ನೇ ಮೂಸಿದಳು, ಎಣ್ಣೆ, ಕಡಲೆಹಿಟ್ಟು, ಸಾಂಬ್ರಾಣಿ. ದೃಷ್ಟಿಬೊಟ್ಟು ಬಿಡಲು ನನಗೆ ಮನಸ್ಸು ಬರಲಿಲ್ಲ, ಹೊರಗಡೆ ಗೇಟಿನ ಕಂಬಕ್ಕೆ ಇಡತೊಡಗಿದೆ. ಕಂಬಕ್ಕೆ ಅಲರ್ಜಿ ಇಲ್ಲ.

ಐದನೇ ದಿನಕ್ಕೆ ದಾರ ಹೋಯಿತು. ಎಂಟನೇ ದಿನಕ್ಕೆ ಲೋಳೆ ಹೋಯಿತು. ಹನ್ನೆರಡನೇ ದಿನ ಮಗುವಿನ ಕಕ್ಕವನ್ನು ಮೂರು ಜನ ದೊಡ್ಡವರು ಬಗ್ಗಿ ನೋಡಿ, "ಸಖತ್ತಾಗಿದೆ" ಅಂದೆವು. ಹಾಲಿನ ಅಲರ್ಜಿ ಇದೆ, ಇನ್ನೂ ಇದೆ. ಬೆಳೆಯುತ್ತಾ ಬಿಡಬಹುದು ಅನ್ನುತ್ತಾರೆ ಡಾಕ್ಟರಮ್ಮ. ನೋಡೋಣ.

ಸೋಮವಾರ ಬೆಳಿಗ್ಗೆ ಸೊಸೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೆಗಲಿಗೆ ಬ್ಯಾಗು ಏರಿಸಿದಳು. ನನಗೆ ಯಾರೂ ಏನೂ ಹೇಳಿರಲಿಲ್ಲ. ಹನ್ನೊಂದಕ್ಕೆ ರಾಗಿ ಸರಿ, ಒಂದಕ್ಕೆ ನಿದ್ದೆ, ನಾಲ್ಕಕ್ಕೆ ಬಾಳೆಹಣ್ಣು ಎಂದು ಮೂರು ಸಲ ಒಪ್ಪಿಸಿದಳು. ಮಗುವಿಗೆ ಮುತ್ತು ಕೊಟ್ಟು, ಆಟೋ ಹತ್ತಿ ಹೋದಳು.

ಎರಡು ನಿಮಿಷಕ್ಕೆ ಅದೇ ಆಟೋ ತಿರುಗಿ ಬಂದು ಗೇಟಿನ ಮುಂದೆ ನಿಂತಿತು. ಮುಗಿಯಿತು, ಮನಸ್ಸು ಬದಲಾಯಿಸಿದಳು ಅಂದುಕೊಂಡೆ. ಮಗುವನ್ನು ಸೊಂಟಕ್ಕೆ ಇನ್ನೂ ಗಟ್ಟಿಯಾಗಿ ಅವಚಿಕೊಂಡೆ. ಅವಳು ಓಡಿಬಂದವಳು ನಮ್ಮಿಬ್ಬರ ಪಕ್ಕದಲ್ಲೇ ನುಗ್ಗಿ ಒಳಗೆ ಹೋದಳು.

"ಐಡಿ ಕಾರ್ಡು ಅತ್ತೆ, ಟಿವಿ ಮೇಲೆ ಬಿಟ್ಟಿದ್ದೆ" ಅಂದಳು. ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾ ಮತ್ತೆ ಆಟೋಗೆ ಓಡಿದಳು, ಮಗುವಿನ ಕಡೆ ತಿರುಗಿಯೂ ನೋಡಲಿಲ್ಲ.

ಗೇಟು ಹಾಕಿ, ರಾಗಿ ಸರಿಗೆ ನೀರಿಡಲು ಒಳಗೆ ಹೋದೆ.