ಜೇಬಿನಲ್ಲಿ ಮಡಚಿಟ್ಟ ಚೀಟಿ

“ಅಮ್ಮಾ, ಚೀಟಿ ಅತ್ತೆ ಯಾಕೆ ಲಿಫ್ಟಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ರು? ಯಾರಾದ್ರೂ ಬೈದ್ರಾ?”

ಐದು ವರ್ಷದ ಮಗಳು ಶೂ ಬಿಚ್ಚುತ್ತಾ ಕೇಳಿದಳು. ತಾಯಿ ಸೊಂಟದ ಮೇಲಿನ ಕೂಸನ್ನು ಇಳಿಸುತ್ತಾ, “ಸುಸ್ತಾಗಿರಬೇಕು ಕಣೇ,” ಎಂದಳು.

“ಸುಸ್ತಾದ್ರೆ ಕೂತ್ಕೋತಾರೆ. ಗೋಡೆ ನೋಡಲ್ಲ.”

ಬೈದವರು ಯಾರೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಮಗಳ ಬಾಯಲ್ಲಿ ‘ಚೀಟಿ ಅತ್ತೆ’ಯಾದ ಕೆಳಗಿನ ಮನೆಯ ಆಕೆ ಹೇಳಿಕೊಂಡದ್ದು ಮರುದಿನ ಸಂಜೆ.

ಆಕೆಗೆ ಐವತ್ತರ ಹತ್ತಿರ ವಯಸ್ಸು. ಮೊದಲು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಳು. ಅದು ಮುಚ್ಚಿದ ಮೇಲೆ ಮೊಬೈಲ್ ಆಪ್ ಮಾಡುವ ಒಂಬತ್ತು ಜನರ ಪುಟ್ಟ ಕಂಪನಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದಳು. ಕೋಡ್ ಬರೆಯಲು ಬಾರದು. “ನನಗೆ ಅಡುಗೆ ಬರಲ್ಲಪ್ಪ, ಯಾರಿಗೆ ಹಸಿವಾಗಿದೆ ಅಂತ ಮಾತ್ರ ಗೊತ್ತಾಗುತ್ತೆ,” ಎಂದು ನಗುತ್ತಿದ್ದಳು. ಒಂಬತ್ತು ಜನ ಒಂಬತ್ತು ದಿಕ್ಕಿಗೆ ಎಳೆದಾಗ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಆರಿಸುವುದು, ಮಾಲೀಕನಿಗೂ ಮುಖ ಸಿಂಡರಿಸದೆ ‘ಆಗಲ್ಲ’ ಎನ್ನುವುದು ಆಕೆಯ ಕಸುಬು.

ಕಚೇರಿಯ ಗೋಡೆಯಲ್ಲೊಂದು ಬಿಳಿ ಹಲಗೆ. ಅದರ ಮೇಲೆ ಹಳದಿ ಚೀಟಿಗಳು: ಆಗಬೇಕಾದ್ದು ಎಡಕ್ಕೆ, ಆಗುತ್ತಿರುವುದು ನಡುವೆ, ಆದದ್ದು ಬಲಕ್ಕೆ. ದಿನಾ ಬೆಳಿಗ್ಗೆ ಎಲ್ಲರೂ ಅದರೆದುರು ಹದಿನೈದು ನಿಮಿಷ ನಿಂತೇ ಮಾತಾಡಬೇಕು. ಕುರ್ಚಿ ಸಿಕ್ಕರೆ ಮಾತು ಕಾಲು ಚಾಚುತ್ತದೆಂದು ಆ ಪದ್ಧತಿ. ಎರಡು ವಾರಕ್ಕೊಮ್ಮೆ, ಆದಷ್ಟನ್ನು ಬಳಸುವವರಿಗೇ ತೋರಿಸಬೇಕು. ಅದರ ಮರುದಿನ ಏನು ಕೆಟ್ಟಿತು ಎಂದು ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಇವೆಲ್ಲದರ ಮೇಲೆ ಆಕೆಯೇ ಮಾಡಿದ ಒಂದು ಕಾನೂನು ಇತ್ತು: ಚೀಟಿ ಬರೆದವರೇ ಅದನ್ನು ಕೀಳಬೇಕು. ಬೇರೆಯವರ ಚೀಟಿ ಮುಟ್ಟುವಂತಿಲ್ಲ, ಮಾಲೀಕನೂ ಅಷ್ಟೆ.

ಈ ಸಲ ಮಾಡುತ್ತಿದ್ದದ್ದು ಎಳೆಮಕ್ಕಳ ಔಷಧಿಯ ಹೊತ್ತು ನೆನಪಿಸುವ ಆಪ್. ಔಷಧಿ ಕುಡಿಸಿದ ಮೇಲೆ ‘ಕೊಟ್ಟಾಯ್ತು’ ಎಂಬ ಗುಂಡಿ ಒತ್ತಬೇಕು. ಒತ್ತದಿದ್ದರೆ ಆಮೇಲೆ ಬಂದ ಅಪ್ಪನೋ ಅಜ್ಜಿಯೋ ಇನ್ನೊಂದು ಸಲ ಕುಡಿಸಿಯಾರು. ಕೆಲಸ ಮುಗಿಯುತ್ತಾ ಬಂದಾಗ ಪರೀಕ್ಷೆ ಮಾಡುವಾತ ಒಂದು ಚೀಟಿ ಅಂಟಿಸಿದ. ತಪ್ಪು ಹುಡುಕುವುದೇ ಅವನ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಕೊಂಕಣ್ಣ ಎನ್ನುತ್ತಿದ್ದರು. ಚೀಟಿಯಲ್ಲಿದ್ದದ್ದು ಇಷ್ಟೇ: “ಗುಂಡಿ ತೀರಾ ಮೇಲಿದೆ. ಮಗು ಎತ್ತಿಕೊಂಡವರಿಗೆ ಒಂದು ಕೈಯಲ್ಲಿ ಆಗಲ್ಲ.”

ತೋರಿಸುವ ದಿನಕ್ಕೆ ಒಂದೇ ದಿನ ಉಳಿದಿತ್ತು. ಹಿಂದಿನ ಎರಡು ಸಲವೂ ಕೆಲಸ ಅರ್ಧಕ್ಕೆ ನಿಂತು ಆಕೆ ಮಾಲೀಕನ ಎದುರು ತಲೆತಗ್ಗಿಸಿದ್ದಳು. ಎಲ್ಲರೂ ಊಟಕ್ಕೆ ಹೋದಾಗ ಆ ಚೀಟಿ ಕಿತ್ತು, ಮಡಚಿ, ಕೋಟಿನ ಜೇಬಿಗೆ ಇಳಿಸಿದಳು. ತೋರಿಸಿ ಮುಗಿದ ಮೇಲೆ ಮತ್ತೆ ಅಂಟಿಸಿದರಾಯಿತು ಎಂದುಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗುರುವಾರ ಕ್ಲಿನಿಕ್ಕಿನಿಂದ ಹಿರಿಯ ದಾದಿ ಬಂದಳು. ಅವಳು ಮೆಚ್ಚಿದರೆ ಆರು ಕ್ಲಿನಿಕ್ಕುಗಳು ಆಪ್ ತೆಗೆದುಕೊಳ್ಳುವುದಿತ್ತು. ಬಾಣಂತಿಯರಿಗೆ ಪಾಠ ಹೇಳಲು ಬಳಸುವ, ಕೂಸಿನಷ್ಟೇ ಭಾರದ ಗೊಂಬೆಯನ್ನು ಚೀಲದಿಂದ ತೆಗೆದು ಎಡತೋಳಿಗೆ ಏರಿಸಿಕೊಂಡು, ಬಲಗೈಯಲ್ಲಿ ಫೋನ್ ಹಿಡಿದಳು. ಹೆಬ್ಬೆರಳು ಗುಂಡಿಯವರೆಗೆ ಹೋಗಲಿಲ್ಲ. ಇನ್ನೊಂದು ಸಲ ಚಾಚಿದಳು. ಫೋನ್ ಜಾರಿ ನೆಲಕ್ಕೆ ಬಿತ್ತು.

“ಮಗು ಎತ್ಕೊಂಡು ಯಾರೂ ನೋಡ್ಲೇ ಇಲ್ವಾ?” ಎಂದಳು ದಾದಿ.

ಮಾಲೀಕ ಆಕೆಯತ್ತ ತಿರುಗಿದ. ಆಕೆಯ ಕೈ ಕೋಟಿನ ಜೇಬಿನಲ್ಲೇ ಇತ್ತು. ಚೀಟಿ ಬೆರಳಿಗೆ ತಾಗುತ್ತಿತ್ತು. ಬಾಯಿ ಮಾತ್ರ ಬೇರೆಯೇ ಹೇಳಿತು: “ಟೆಸ್ಟಿಂಗ್‌ನವರು ಹೇಳಿರ್ಲಿಲ್ಲ.”

ಕೊಂಕಣ್ಣ ಹಲಗೆಯತ್ತ ನೋಡಿದ. ತನ್ನ ಚೀಟಿ ಇರಬೇಕಾದ ಜಾಗ ನೋಡಿದ. ಆಮೇಲೆ ತಲೆ ಕೆರೆದುಕೊಂಡು, “ಸಾರಿ ಮೇಡಂ, ನನ್ನದೇ ತಪ್ಪಿರಬೇಕು,” ಎಂದ. ಆ ಮಾತು ಆಕೆಯ ಬೆನ್ನು ಮುರಿಯಿತು. ಲಿಫ್ಟಿನ ಗೋಡೆ ನೋಡುತ್ತಾ ಬಂದದ್ದು ಆ ಸಂಜೆ.

ರಾತ್ರಿಯೆಲ್ಲ ನೆಪಗಳನ್ನು ಹೊಲಿದಳು. ಒಂದೂ ಮೈಗೆ ಕೂರಲಿಲ್ಲ. ಶುಕ್ರವಾರ ಎಲ್ಲರೂ ಕೂತಾಗ ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು. “ಇದನ್ನ ಕಿತ್ತಿದ್ದು ನಾನು. ನಿನ್ನೆ ಸುಳ್ಳು ಹೇಳಿದ್ದೂ ನಾನು. ಕ್ಲಿನಿಕ್‌ಗೆ ಈಗಷ್ಟೇ ಫೋನ್ ಮಾಡಿ ಹೇಳಿದೀನಿ.”

ಕೊಂಕಣ್ಣ ಚೀಟಿಯನ್ನು ತಿರುವಿ ತಿರುವಿ ನೋಡಿದ.

“ನಾನು ಬಿದ್ಹೋಗಿದೆ ಅನ್ಕೊಂಡೆ ಮೇಡಂ. ಈ ಚೀಟಿಗಳ ಅಂಟು ಸರಿಯಿಲ್ಲ, ಬೇರೆ ತರಿಸಿ ಅಂತ ಬೆಳಿಗ್ಗೆ ಇನ್ನೊಂದು ಚೀಟಿ ಬರ್ದು ಅಂಟಿಸಿದೀನಿ.”

ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. “ನಿಮ್ಮ ಮೇಲೆ ಅನುಮಾನ ಬರ್ಲಿಲ್ಲ ನೋಡಿ,” ಎಂದ, ಅದೂ ತನ್ನದೇ ತಪ್ಪೆಂಬಂತೆ. ಚೀಟಿಯನ್ನು ಆಕೆಯತ್ತ ಸರಿಸಿ, “ಒಪ್ಕೊಂಡಿದ್ದಾಯ್ತು. ಗುಂಡಿ ಇನ್ನೂ ಮೇಲೇ ಇದೆಯಲ್ಲ?”

ದಾದಿ ಒಂದು ವಾರ ಗಡುವು ಕೊಟ್ಟಿದ್ದಳು. ಮಾಲೀಕ ಎದ್ದು ಹೋದ.

ಇದನ್ನೆಲ್ಲ ಆಕೆ ಮೇಲಿನ ಮನೆಯ ಅಡುಗೆಮನೆಯಲ್ಲಿ ನಿಂತೇ ಹೇಳಿದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ತಾಯಿ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಲ್ಲಿ ಹಾಲು ಕಲಕುತ್ತಿದ್ದಳು. “ಹೋಗ್ಲಿ ಬಿಡಿ ಅಕ್ಕ, ಹೇಳ್ಬಿಟ್ರಲ್ಲ,” ಎಂದಳು.

“ಹೋಗ್ಲಿ ಬಿಡಿ ಅನ್ಬೇಡ ಕಣೇ. ಎಲ್ಲರೂ ಹಾಗಂದೇ ನಾನು ಹೀಗಾಗಿದ್ದು.” ಆಕೆ ಕೂಸಿನ ಕಾಲನ್ನು ಮೆಲ್ಲಗೆ ಹಿಡಿದುಕೊಂಡಳು, ಮುಖ ಮಾತ್ರ ಎತ್ತಲಿಲ್ಲ. “ಒಂದು ಉಪಕಾರ ಮಾಡ್ತೀಯಾ? ಸೋಮವಾರ ಬೆಳಿಗ್ಗೆ ಇವನನ್ನ ಎತ್ಕೊಂಡು ಕಚೇರಿಗೆ ಬಾ. ಅಳ್ತಾ ಇದ್ರೆ ಇನ್ನೂ ಒಳ್ಳೇದು. ಅವರೆಲ್ಲರ ಎದುರು ಆ ಗುಂಡಿ ಒತ್ತಿ ನೋಡು. ಕಷ್ಟ ಆದ್ರೆ ಕಷ್ಟ ಅಂತ ಅವರಿಗೇ ಹೇಳು, ನನಗಲ್ಲ. ನನ್ನ ಮುಖ ನೋಡಿ ಚೆನ್ನಾಗಿದೆ ಅಂದ್ಬಿಡ್ಬೇಡ ಮಾರಾಯ್ತಿ. ಮಧ್ಯ ನಾನೇನಾದ್ರೂ ಬಾಯಿ ಹಾಕಿದ್ರೆ, ‘ಸ್ವಲ್ಪ ಆಚೆ ಹೋಗಿ ಅಕ್ಕ’ ಅಂತ ಎಲ್ಲರ ಮುಂದೇನೇ ಕಳಿಸ್ಬಿಡು.”