ಸುಡಾನಿ ಅಕ್ಕನ ಹಾಡು ತಪ್ಪಿಸಿದ್ದು

ಅವರ ಅಂಗಾಲುಗಳು ಇದ್ದಿಲಿನಷ್ಟು ಕಪ್ಪಗಿದ್ದವು. ಮದುವೆಯಾದ ಹೆಂಗಸರು ಅಂಗಾಲಿಗೂ ಬೆರಳ ತುದಿಗೂ ದಟ್ಟವಾಗಿ ಕಪ್ಪು ಮೆಹಂದಿ ಹಾಕಿಕೊಳ್ಳುವುದು ಅವರ ಕಡೆಯ ಪದ್ಧತಿಯಂತೆ. ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ಕಮ್ಯುನಿಟಿ ಹಾಲಿಗೆ ಮೊದಲ ದಿನ ಬಂದವರೇ ಚಪ್ಪಲಿ ಬಿಟ್ಟರು, ಸೀರೆಯಂತೆ ಮೈಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ತಲೆಯ ಮೇಲೆ ಸರಿಮಾಡಿಕೊಂಡರು, ಹಾಡಿಬಿಟ್ಟರು. ಅಲ್ಲಿ ಹಾಡಲು ಸೇರುತ್ತಿದ್ದ ಹದಿನಾಲ್ಕು ಹೆಂಗಸರೂ ಬಾಯಿ ಬಿಟ್ಟುಕೊಂಡು ಕೇಳಿದೆವು. ಅವತ್ತೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಯಾಕೆಂದರೆ ಅಲ್ಲಿಯವರೆಗೆ ಆ ಗುಂಪಿನಲ್ಲಿ ಹಾಡುಗಾರ್ತಿ ಎಂದರೆ ನಾನು. ಮೈಸೂರಿನಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ವಾರವಿಡೀ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಶನಿವಾರದ ಆ ಎರಡು ಗಂಟೆಗಾಗಿ ಕಾಯುತ್ತಿದ್ದವಳು. ನಾನಾ ದೇಶಗಳಿಂದ ಬಂದಿದ್ದ ಆ ಹೆಂಗಸರಿಗೆ ಫೋನಿನಲ್ಲಿ ತಂಬೂರಿ ಹಾಕಿ ಶ್ರುತಿ ಹಿಡಿಸುತ್ತಿದ್ದವಳೂ ನಾನೇ. ಈಕೆಗೆ ಶ್ರುತಿಯ ಗೊಡವೆಯೇ ಇರಲಿಲ್ಲ. ಗಂಟಲು ಆ ಹೊತ್ತಿಗೆ ಎಲ್ಲಿತ್ತೋ ಅಲ್ಲಿಂದ ಎತ್ತಿಕೊಂಡು ಹಾಡುತ್ತಿದ್ದರು. ಇದೇನು ಸಂಗೀತವೇ ಎಂದು ಮನಸ್ಸಿನಲ್ಲೇ ಮೂಗು ಮುರಿದೆ.

"ನಿಮ್ಮ ಭಾಷೇಲಿ ದೊಡ್ಡ ಸಿಸ್ಟರ್‌ಗೆ ಏನಂತಾರೆ?" ಎಂದು ಒಂದು ದಿನ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕ ಎಂದೆ. ಅವತ್ತಿನಿಂದ ಗುಂಪಿಗೆಲ್ಲ ಅವರು ಅಕ್ಕ ಆದರು. ಆ ಮಾತು ಕೊಟ್ಟವಳು ನಾನು, ಆದರೆ ನನ್ನನ್ನು ಯಾರೂ ಹಾಗೆ ಕರೆಯಲಿಲ್ಲ.

ಅಕ್ಕ ಖಾರ್ಟೂಮ್‌ನಲ್ಲಿ ಹೆಸರಾಂತ ನಟಿ. ಹುಡುಗಿಯಾಗಿದ್ದಾಗ ರೇಡಿಯೋ ನಾಟಕ, ಆಮೇಲೆ ರಂಗಭೂಮಿ, ಆಮೇಲೆ ಟಿವಿ ಧಾರಾವಾಹಿ. "ನಾನು ಕೆಟ್ಟ ಅತ್ತೆ. ಮಾರ್ಕೆಟ್‌ನಲ್ಲಿ ಒಬ್ಬ ನಂಗೆ ಟೊಮ್ಯಾಟೊ ಕೊಡಲ್ಲ ಅಂದ. ಮೊದಲು ಸೊಸೆ ಹತ್ರ ಸಾರಿ ಕೇಳಿ ಬಾ ಅಂದ," ಎಂದು ಹೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಆಮೇಲೆ ಮದುವೆಮನೆಗಳ ಹಾಡುಗಳನ್ನು ಸರ್ಕಾರದ ವಿರುದ್ಧ ಹೊರಟ ಹೆಂಗಸರ ಮೆರವಣಿಗೆಗಳಲ್ಲಿ ಹಾಡತೊಡಗಿದರು. ಅಲ್ಲಿಗೆ ಟಿವಿಯ ಕೆಲಸ ನಿಂತಿತು. ಎರಡು ಸಲ ಪೊಲೀಸರು ಹಿಡಿದುಕೊಂಡು ಹೋದರು. ಒಳಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: "ಟೀ ಚೆನ್ನಾಗಿರಲಿಲ್ಲ."

ದೇಶ ಬಿಟ್ಟು ಮೊದಲು ಇಳಿದದ್ದು ಸಿಡ್ನಿಯಲ್ಲಿ. ಅಲ್ಲಿ ಒಂದೆರಡು ಸಣ್ಣ ನಾಟಕಗಳಲ್ಲಿ ಪಾತ್ರ ಮಾಡಿ, ಮಗಳಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಾಗ ಇತ್ತ ಬಂದರು. ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ. ಊರಿನಲ್ಲಿ ಯುದ್ಧ ಶುರುವಾದ ಮೇಲೆ ರಜೆ ಸಿಕ್ಕಾಗಲೆಲ್ಲ ಪಾರ್ಲಿಮೆಂಟಿನ ಮೆಟ್ಟಿಲ ಮೇಲೆ ಹತ್ತು ಹೆಂಗಸರನ್ನು ಕಟ್ಟಿಕೊಂಡು ನಿಲ್ಲುತ್ತಿದ್ದರು. ಒಮ್ಮೆ ನಾನು ಆಫೀಸಿನವರ ಜೊತೆ ಟ್ರಾಮಿನಲ್ಲಿ ಹೋಗುವಾಗ ಕಂಡರು. ಕೈಯಲ್ಲಿ ಮೈಕು. ನನ್ನನ್ನು ನೋಡಿ ಎರಡೂ ಕೈ ಎತ್ತಿ ಬೀಸಿದರು. ನಾನು ತಲೆ ತಗ್ಗಿಸಿ ಫೋನು ನೋಡಿದೆ.

ಮನೆಯಲ್ಲಿ ಗಂಡನ ಹತ್ತಿರ ಗೊಣಗುತ್ತಿದ್ದೆ. ಅವರು ನಗುತ್ತಿದ್ದರು. "ಅವ್ರು ಜೈಲಿಗೆ ಹೋಗಿ ಬಂದೋರು ಕಣೇ. ನಾವು ಪಿಆರ್ ವೀಸಾಗೆ ಎರಡು ವರ್ಷ ವೇಟ್ ಮಾಡಿದ್ದನ್ನೇ ದೊಡ್ಡ ಸ್ಟೋರಿ ಮಾಡಿ ಹೇಳ್ತೀವಿ. ನಿಂಗ್ಯಾಕೆ ಅಷ್ಟು ಉರಿ?" ನಿಜ ಹೇಳಬೇಕೆಂದರೆ ಅದಕ್ಕೇ ಉರಿ. ಅವರ ಕಂಠದ ಮೇಲೆ ಮಾತ್ರವಲ್ಲ, ಅವರು ಪಟ್ಟ ಕಷ್ಟದ ಮೇಲೂ ನನಗೆ ಹೊಟ್ಟೆಕಿಚ್ಚು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ಹಾಗೇ ಇತ್ತು.

ಅವರ ಒಂದು ಹಾಡನ್ನು ಗುಂಪಿಗೆ ಕಲಿಸಬೇಕೆಂದಾಯಿತು. ಐದೇ ಸ್ವರ. ಅಯ್ಯೋ, ಇದು ನಮ್ಮ ಮೋಹನ ರಾಗವಲ್ಲವೇ ಎಂದು ಪುಸ್ತಕ ತೆಗೆದು ಸ್ವರ ಹಾಕಿದೆ. ಅವರ ಗಾಂಧಾರ ಒಂಚೂರು ಇಳಿದಿರುತ್ತಿತ್ತು. ತಪ್ಪೆಂದು ತಿದ್ದಿದೆ. ಅಲ್ಲಲ್ಲಿ ಗಮಕ ಸೇರಿಸಿ, ತಂಬೂರಿ ಹಾಕಿ, ಎಲ್ಲರಿಂದ ಹಾಡಿಸಿದೆ. ಅಕ್ಕ ಕೊನೆಯವರೆಗೂ ಕೇಳಿದರು.

"ತುಂಬಾ ನೀಟಾಗಿದೆ ಸಿಸ್ಟರ್," ಎಂದರು. "ಆದ್ರೆ ಇದು ಈಗ ಚೆನ್ನಾಗಿ ನಿದ್ದೆ ಮಾಡಿ ಎದ್ದೋರ ಹಾಡಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಕುದಿಯುತ್ತಾ. ನನ್ನ ಹಾಡನ್ನು ಅವರು ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಬೇರೆಯವರು ಅಪಸ್ವರ ಹಾಡಿದರೂ ಬೆನ್ನು ತಟ್ಟುವ ಹೆಂಗಸು, ನಾನು ಹಾಡಿ ಮುಗಿಸಿದರೆ ಸುಮ್ಮನೆ ನೀರು ಕುಡಿಯುತ್ತಿದ್ದರು. ಅವರಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ನಾನು ಎಷ್ಟು ಹಾತೊರೆದಿದ್ದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಆ ವರ್ಷ ಸಿಡ್ನಿಯಲ್ಲಿ, ನಾರ್ವೆಸ್ಟ್ ಹತ್ತಿರದ ಒಂದು ಸಭಾಂಗಣದಲ್ಲಿ, ವಲಸೆ ಬಂದ ಹೆಂಗಸರ ಸಂಗೀತ ಸಂಜೆಗೆ ನಮ್ಮನ್ನು ಕರೆದರು. ಗುಂಪಿನ ಹಾಡಿನ ಜೊತೆಗೆ ಒಬ್ಬರಿಗೆ ಮಾತ್ರ ಸೋಲೋ. ಕೈ ಎತ್ತಿಸಿ ಕೇಳಿದಾಗ ಎಲ್ಲ ಕೈಗಳೂ ಅಕ್ಕನಿಗೆ ಎದ್ದವು. ನಾನೂ ಎತ್ತಿದೆ, ಎಲ್ಲರಿಗಿಂತ ಮೇಲೆ.

ಕಾರ್ಯಕ್ರಮ ನಡೆಸುವಾಕೆ ಹಾಡಿನ ವಿವರ ಕೇಳಲು ಫೋನು ಮಾಡಿದ್ದು ನನಗೆ. ಅಕ್ಕ ಆರಿಸಿದ್ದು ಮದುಮಗಳನ್ನು ಕಳಿಸಿಕೊಡುವ ಹಾಡು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಅರ್ಥ ನನಗೆ ಸರಿಯಾಗಿ ಗೊತ್ತಿಲ್ಲ. ಪ್ರತಿಭಟನೆಗಳಲ್ಲಿ ಹಾಡೋ ಹಾಡು ಅಂತಾರೆ. ಬಾವುಟ ಗೀವುಟ ಹಿಡ್ಕೊಂಡು ಜನ ಬರಬಹುದೇನೋ," ಎಂದೆ. ಆಕೆ, ಹಾಗಾದರೆ ನೀವೇ ಏನಾದರೂ ಹಾಡುತ್ತೀರಾ ಎಂದರು. ಒಂದು ದೇವರನಾಮ ಹಾಡುತ್ತೇನೆ ಎಂದೆ.

ಚೆನ್ನಾಗಿಯೇ ಹಾಡಿದೆ. ಚಪ್ಪಾಳೆಯೂ ಬಿತ್ತು. ಹಿಂದಿನ ಸಾಲಿನಲ್ಲಿ ಗುಂಪಿನ ಜೊತೆ ನಿಂತಿದ್ದ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮರಳುವಾಗ ವಿಮಾನದಲ್ಲಿ ನನ್ನ ಪಕ್ಕದ ಸೀಟು ಅವರಿಗೇ ಬಂತು. ಡಬ್ಬಿಯಿಂದ ಖರ್ಜೂರ ತೆಗೆದು ನನ್ನ ಕೈಗೆ ಎರಡು ಹಾಕಿದರು. ಕಿಟಕಿಯ ಕಡೆ ನೋಡುತ್ತಾ, "ಖಾರ್ಟೂಮ್‌ನಲ್ಲೂ ಒಬ್ಬ ರೇಡಿಯೋ ಆಫೀಸಿಗೆ ಹೋಗಿ ನನ್ನ ಹಾಡು ಡೇಂಜರ್ ಅಂತ ಹೇಳಿದ್ದ. ಅವನೂ ಹಾಡುಗಾರನೇ," ಎಂದರು. ಈಗ ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರು ನಿದ್ದೆಹೋದರು, ಅಥವಾ ಹಾಗೆ ನಟಿಸಿದರು. ನಟಿಯಲ್ಲವೇ, ತಿಳಿಯುವುದು ಕಷ್ಟ.

ಅದಾದ ಮೇಲೆ ಒಂದು ವರ್ಷ ಪ್ರತಿ ಶನಿವಾರ ಹೇಳಬೇಕೆಂದುಕೊಂಡೇ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಕೊನೆಗೆ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲೂ ಪಕ್ಕದ ಹಾಸಿಗೆಯವರನ್ನು ನಗಿಸುತ್ತಿದ್ದರು. ಅಲ್ಲೂ ನಾನು ಹಣ್ಣು ಕೊಟ್ಟು, ಹವಾಮಾನದ ಮಾತಾಡಿ ಬಂದೆ. ನಾಲ್ಕು ತಿಂಗಳಲ್ಲಿ ಹೋಗಿಬಿಟ್ಟರು.

ಸಾವಾದ ಮನೆಯಲ್ಲಿ ಮೂರು ದಿನ ಹೆಂಗಸರು ಬಂದು ಕೂರುವುದು ಅವರಲ್ಲಿ ರೂಢಿ. ಹಾಡುವಂತಿಲ್ಲ. ನಾನು ಅಡುಗೆಮನೆಯಲ್ಲಿ ಲೋಟ ತೊಳೆದೆ, ಟೀ ಹಂಚಿದೆ. ಮೂರನೆಯ ದಿನ ನಮ್ಮ ಗುಂಪಿನವರು ಮಾತಾಡಿಕೊಳ್ಳುತ್ತಿದ್ದರು: "ಸಿಡ್ನೀಲಿ ಅವತ್ತು ಹಾಡಬೇಕಿತ್ತು ಪಾಪ. ಯಾರೋ ಏನೋ ಹೇಳಿ ತಪ್ಪಿಸಿದ್ರಂತೆ."

ಟೀ ತಟ್ಟೆ ಹಿಡಿದು ನಿಂತಿದ್ದ ನಾನು, "ನಾನೇ ಹೇಳಿದ್ದು," ಎಂದೆ. "ಹೊಟ್ಟೆಕಿಚ್ಚಿಗೆ."

ಅಕ್ಕನ ಮಗಳು ಎದ್ದು ನನ್ನ ಹತ್ತಿರ ಬಂದಳು. "ಗೊತ್ತು ಆಂಟಿ. ಕಾರ್ಯಕ್ರಮದೋರಿಂದ ಅಮ್ಮಂಗೆ ತಿಳಿದಿತ್ತು, ಅವತ್ತೇ ನಂಗೆ ಹೇಳಿದ್ರು. ನಿಮ್ಮ ಮನೆಗೆ ಬಂದು ಜಗಳ ಆಡೋಕೆ ಹೊರಟಿದ್ದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ರು. 'ನೀನು ಹೋಗಿ ಕೇಳಿದ್ರೆ ಅವಳು ನಾಚಿಕೆಗೆ ಹಾಡೋದನ್ನೇ ಬಿಟ್ಟುಬಿಡ್ತಾಳೆ, ಆ ಗುಂಪಲ್ಲಿ ನಾನು ಶನಿವಾರ ಶನಿವಾರ ಹೋಗೋದೇ ಅವಳ ಹಾಡು ಕೇಳೋಕೆ' ಅಂದ್ರು."

ಅವರ ಬಾಯಿಂದ ಆ ಒಂದು ಮಾತು ಬರಲಿಲ್ಲವೆಂದೇ ನಾನು ಅವರನ್ನು ನಾಲ್ಕು ವರ್ಷ ದ್ವೇಷಿಸಿದ್ದೆ. ಮಗಳು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಕೂತುಕೊಳ್ಳಲು ಜಾಗ ಮಾಡಿಕೊಟ್ಟಳು.