ಒಂದು ಬಾಣದಷ್ಟು ದೂರ

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದುಹೋಗಿತ್ತು. ನೈರೋಬಿಯಲ್ಲಿ ನಲವತ್ತು ವರ್ಷ ಕನ್ನಡಕದ ಗಾಜಿನ ಅಂಚನ್ನು ಚಕ್ರಕ್ಕೆ ಹಿಡಿದು ಉಜ್ಜಿದ ಗುರುತು ಅದು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದೆ.

ಯಹೂದಿ ಮುದುಕರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗಿರಾಕಿ ಇಲ್ಲದಾಗ ತೋರಾ ಗ್ರಂಥದಲ್ಲಿ ಆ ವಾರ ಓದಬೇಕಾದ ಭಾಗವನ್ನು ಬಿಚ್ಚಿಕೊಂಡು ಕೂರುವರು. ಪುಟದ ನಡುವೆ ನಾಲ್ಕು ಸಾಲು ಮೂಲ, ಸುತ್ತ ಇರುವೆ ಮುತ್ತಿದ ಹಾಗೆ ಸಣ್ಣಕ್ಷರದ ವ್ಯಾಖ್ಯಾನ. ಈ ಪದ ಇಲ್ಲೇಕಿದೆ, ಇಲ್ಲದಿದ್ದರೆ ಏನು ನಷ್ಟ ಎಂದು ನನ್ನನ್ನೂ ಕೇಳುವರು. ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು. ದೇವರು ಹೇಳಿದ್ದನ್ನು ಹೇಳಿದ ಹಾಗೇ ಬಿಡಬಾರದೇ ಎಂದರೆ, ಹಾಗೆ ಬಿಟ್ಟರೆ ಅವನಿಗೂ ಬೇಜಾರಾಗುತ್ತದೆ ಎಂದು ನಗುವರು.

ಒಂದು ಆಗಸ್ಟ್ ರಜೆಯಲ್ಲಿ ಮೊಂಬಾಸಾಕ್ಕೆ ಹೋಗಿಬಂದ ನನ್ನ ಎಂಟು ವರ್ಷದ ಮಗಳು ಜ್ವರದಿಂದ ಮಲಗಿದಳು. ಮಲೇರಿಯಾ ಮಿದುಳಿಗೆ ಏರಿತ್ತು. ನಾಲ್ಕನೆಯ ದಿನ ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನು ಕಾಯುವುದಷ್ಟೇ ಎಂದರು. ಗಂಡ ಮಂಚದ ಪಕ್ಕ ಕೂತೇ ಇದ್ದರು. ನನ್ನಿಂದಾಗಲಿಲ್ಲ. ಟೀ ತರುತ್ತೇನೆಂದು ಸುಳ್ಳು ಹೇಳಿ ಇಳಿಜಾರಿನ ಕೆಳಗೆ ಮಟಾಟು ವ್ಯಾನುಗಳು ಜನರನ್ನು ಹತ್ತಿಸಿಕೊಳ್ಳಲು ನಿಲ್ಲುವಲ್ಲಿ ಹೋಗಿ ಕಲ್ಲಿನ ಮೇಲೆ ಕೂತೆ. ನಾನು ನೋಡದಿದ್ದರೆ ಅದು ನಡೆಯುವುದೇ ಇಲ್ಲ ಎಂದು ಹುಚ್ಚಿಯಂತೆ ನಂಬಿದ್ದೆ.

ನಡುಹಗಲಲ್ಲಿ ಎಂದೂ ಅಂಗಡಿ ಮುಚ್ಚದವರು ಅಂದು ಮುಚ್ಚಿ, ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಒಂದು ಸಮಾಧಾನದ ಮಾತಿಲ್ಲ. ಶುರುವಾಯಿತು ಅವರ ಗ್ರಂಥ. ಮರಳುಗಾಡಿಗೆ ಅಟ್ಟಿಸಿಕೊಂಡ ತಾಯಿ, ನೀರು ಮುಗಿದಾಗ ಮಗುವನ್ನು ಪೊದೆಯ ಕೆಳಗೆ ಬಿಟ್ಟು, ಸಾವನ್ನು ನೋಡಲಾರೆ ಎಂದು ಬಾಣ ಬೀಳುವಷ್ಟು ದೂರ ಹೋಗಿ ಕೂತು ಅಳುತ್ತಾಳೆ. ಮುಂದಿನ ಸಾಲು: ದೇವರಿಗೆ ಮಗುವಿನ ದನಿ ಕೇಳಿಸಿತು.

"ಅತ್ತದ್ದು ತಾಯಿ. ಕೇಳಿಸಿದ್ದು ಮಗುವಿನ ದನಿ. ಯಾಕೆ?" ಎಂದರು.

ಸಿಟ್ಟಿನಲ್ಲಿ ಮೈಯೆಲ್ಲ ಉರಿದುಹೋಯಿತು. ನೀವು ಇಲ್ಲಿಂದ ಹೋಗಿ ಎಂದೆ. ಅವರು ಹೋಗಲಿಲ್ಲ. ಕಾಯಿಲೆಯವರ ಸ್ವಂತ ಪ್ರಾರ್ಥನೆಯೇ ಮೊದಲು ಸಲ್ಲುತ್ತದೆ ಎಂದು ಹಿಂದಿನ ವ್ಯಾಖ್ಯಾನಕಾರರು ಬರೆದಿದ್ದಾರಂತೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ಹೆಂಡತಿ ಸಾಯುವಾಗ ನಾನು ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದೆ. ನೋಡಲಾಗದೆ ಬಂದಿದ್ದೆ. ಅವಳು ಏನೋ ಕೇಳುತ್ತಿದ್ದಳಂತೆ. ಏನೆಂದು ಯಾರಿಗೂ ತಿಳಿಯಲಿಲ್ಲ. ಎದ್ದು ಹೋಗಮ್ಮ, ಕೇಳಿಸಿಕೋ."

ಹೋದೆ. ಸಂಜೆ ನಾಲ್ಕಕ್ಕೆ ಮಗಳು ಕಣ್ಣು ಬಿಟ್ಟಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು, "ಅಮ್ಮ, ಎತ್ಕೋ" ಎಂದಳು. ಕೈಗೆ ಚುಚ್ಚಿದ್ದ ಕೊಳವೆಯ ಸಮೇತ ಎತ್ತಿಕೊಂಡೆ. ಮರುದಿನ ಬೆಳಗ್ಗೆ ನನ್ನ ಮಡಿಲಲ್ಲೇ ಹೋದಳು.

ಆಮೇಲೆ ಮೂರು ವರ್ಷಕ್ಕೆ ಅವರೂ ಹೋದರು, ಒಂದು ಶನಿವಾರ, ಮನೆಯಲ್ಲಿ ಒಬ್ಬರೇ. ಅಂದು ಅವರ ಸಬ್ಬತ್, ಕೆಲಸ ಮುಟ್ಟದ ದಿನ; ಮರುದಿನ ಭಾನುವಾರ. ಎರಡೂ ದಿನ ಅಂಗಡಿ ಮುಚ್ಚಿದ್ದರಿಂದ ನನಗೆ ಸುದ್ದಿ ಸಿಕ್ಕಿದ್ದು ಸೋಮವಾರ. ನನ್ನನ್ನು ಮಗಳ ಬಳಿಗೆ ಕಳಿಸಿದ ಮನುಷ್ಯ ಕೊನೆಗೆ ಏನು ಕೇಳಿದರೋ, ಕೇಳಿಸಿಕೊಳ್ಳಲು ನಾನಿರಲಿಲ್ಲ.